ಮಂಜಿನೊಳಗಿನ ಗಂಟೆ

ಇದನ್ನು ನಾಲ್ಕು ಜನರಿಗೆ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ... ಪೂರ್ತಿ ಓದಿ.

ನಮ್ಮದು ಗದಗ. ನಮ್ಮ ಯಜಮಾನರು ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವರು. ಹೆಚ್ಚಿನ ವರ್ಷ ಸೊಲ್ಲಾಪುರದ ರೂಟು.

ಈ ಬೇಸಿಗೆಯಲ್ಲಿ ಅವರ ಎಡಗಣ್ಣು ಮಸುಕಾಯಿತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು.

ಆಫೀಸಿನವರು ಒಳ್ಳೆಯವರೇ. ಬಸ್ ಸ್ಟ್ಯಾಂಡಿನ ಕ್ಯಾಬಿನ್ನಿನಲ್ಲಿ ಕೂತು, ಯಾವ ಬಸ್ ಎಲ್ಲಿಗೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಕೊಟ್ಟರು. ಅಕ್ಟೋಬರ್ ಒಂದಕ್ಕೆ ಹಾಜರಾಗಬೇಕಿತ್ತು.

"ಐವತ್ತು ಮಂದೀನ ಹೊತ್ಕೊಂಡು ಹೋದಾಂವ ನಾನು. ಈಗ ಮೈಕ್ ಹಿಡದು ಒದರ್ಲೇನು? ಅದಕಿಂತ ನೌಕರಿ ಬಿಟ್ಟು ಮನ್ಯಾಗ ಕುಂದ್ರತೀನಿ" ಎಂದರು.

ಕೂತೇ ಬಿಟ್ಟರು... ಮೂರು ತಿಂಗಳು. ರಾಜೀನಾಮೆ ಪತ್ರವನ್ನೂ ಬರೆದಿಟ್ಟರು.

ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಮಾತಿನ ಮಲ್ಲನಂಥ ಮನುಷ್ಯ ಹೀಗೆ ಮೂಕನಾದರೆ ಕಟ್ಟಿಕೊಂಡವಳಿಗೆ ಹೇಗಾಗಬೇಡ?

ಜಾಗ ಬದಲಾದರೆ ಮನಸ್ಸೂ ಬದಲಾದೀತು ಎಂದು, ಫೋನಿನಲ್ಲಿ ನೋಡಿದ ಒಂದು ಹಿಮದ ಊರಿನಲ್ಲಿ ರೂಮ್ ಬುಕ್ ಮಾಡಿದೆ. ಹಿಮಾಚಲದ ಸಣ್ಣ ಊರು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಬೆಟ್ಟದಿಂದ ಜಾರುತ್ತಾರಲ್ಲ, ಸ್ಕೀಯಿಂಗ್... ಆ ಊರು.

ಸೆಪ್ಟೆಂಬರಿನಲ್ಲಿ ರೂಮು ಸಲೀಸಾಗಿ ಸಿಕ್ಕಿತು. ನಾನೇ ಶಾಣ್ಯಾಕಿ ಎಂದುಕೊಂಡೆ. ಓಣಿಯವರ ಸ್ವೆಟರು, ಮಂಕಿ ಕ್ಯಾಪು ಎಲ್ಲ ಎರವಲು ತಂದು ಎರಡು ಸೂಟ್‌ಕೇಸ್ ತುಂಬಿದೆ.

ಹೋಗಿ ಇಳಿದರೆ... ಹಿಮ ಎಲ್ಲಿದೆ? ಬೆಟ್ಟದ ತುಂಬ ಹಸಿರು ಹುಲ್ಲು! ಜಾರುವವರನ್ನು ಮೇಲಕ್ಕೆ ಒಯ್ಯುವ ಕುರ್ಚಿಗಳು ತಂತಿಗೆ ಜೋತುಬಿದ್ದು ಗಾಳಿಗೆ ತೂಗುತ್ತಿದ್ದವು. ಅವುಗಳ ಕೆಳಗೆ ಆಕಳು ಮೇಯುತ್ತಿದ್ದವು.

"ಹಿಮಾ ಅಂದ್ರ ಫ್ರಿಜ್ಜಿನಾಗಿಂದು ಅಂತ ತಿಳದಿದ್ದೇನ ನೀಲವ್ವಾ, ವರ್ಷಾನಗಟ್ಲೆ ಇರಾಕ?" ಎಂದು ನಮ್ಮವರು ನಕ್ಕರು.

ನನ್ನ ದಡ್ಡತನಕ್ಕೇ ನಕ್ಕಿರಲಿ ಬಿಡಿ, ಮೂರು ತಿಂಗಳ ಮೇಲೆ ನಕ್ಕರಲ್ಲ!

ನಾವು ಉಳಿದ ಮನೆಯ ಯಜಮಾನ ದೌಲತ್‌ರಾಮ್. ಎಪ್ಪತ್ತು ದಾಟಿದ ಮುದುಕ, ಕೋಲೂರಿ ಕುಂಟುತ್ತಾ ನಡೆಯುತ್ತಾರೆ. ಅವರದು ಹಿಂದಿ. ನನಗೆ ಹಿಂದಿ ಬಾರದು. ಸೊಲ್ಲಾಪುರದ ರೂಟಿನಲ್ಲಿ ಹಿಂದಿ ಕಲಿತ ನಮ್ಮವರೇ ಕೇಳಿ ಕೇಳಿ ನನಗೆ ಹೇಳಬೇಕು.

ಆ ಊರಿನಲ್ಲಿ ಋತುವಿಗೊಂದು ಕೆಲಸವಂತೆ. ಚಳಿಗಾಲದಲ್ಲಿ ಸ್ಕೀ ಕಲಿಸುವವನೇ ವಸಂತದಲ್ಲಿ ಸೇಬಿನ ಗಿಡಕ್ಕೆ ಕಸಿ ಕಟ್ಟುತ್ತಾನೆ, ಬೇಸಿಗೆಯಲ್ಲಿ ಟೂರಿಸ್ಟರಿಗೆ ದಾರಿ ತೋರಿಸುತ್ತಾನೆ, ಆಮೇಲೆ ಸೇಬು ಕೀಳುತ್ತಾನೆ. ಎದುರು ಸಿಕ್ಕರೆ "ಈ ಋತು ಏನು ಕೆಲಸ?" ಎಂದು ಕೇಳುವುದೇ ಅವರ ಕುಶಲಪ್ರಶ್ನೆ.

ಇಷ್ಟು ಹೇಳಿ ನಮ್ಮವರು ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದರು.

ಮೂರನೆಯ ದಿನ ಇಬ್ಬರೂ ಆ ಹುಲ್ಲಿನ ಬೆಟ್ಟ ಹತ್ತಿದೆವು. ಹತ್ತುತ್ತಾ ಹತ್ತುತ್ತಾ ಮೋಡದೊಳಗೇ ಹೋದೆವು. ಎಷ್ಟು ಚೆಂದ ಅಂತೀರಿ... ನಿದ್ದೆಯಲ್ಲಿ ನಡೆಯುತ್ತಿರುವ ಹಾಗೆ, ಸದ್ದಿಲ್ಲ, ಭಾರವಿಲ್ಲ.

ನೋಡನೋಡುತ್ತ ಮಂಜು ದಟ್ಟವಾಯಿತು. ಮರ ಹೋಯಿತು, ಹುಲ್ಲು ಹೋಯಿತು. ನನ್ನ ಕೈಬಳೆ ನನಗೇ ಕಾಣದು.

ನಮ್ಮವರು ನನ್ನ ಕೈ ಗಟ್ಟಿಯಾಗಿ ಹಿಡಿದರು.

"ನೀಲವ್ವಾ... ನನಗ ಹಾದಿ ಕಾಣವಲ್ದು."

ಇಪ್ಪತ್ತೆಂಟು ವರ್ಷ ಹಾದಿ ತಪ್ಪದ ಮನುಷ್ಯ! ಒಂದು ಕಡೆ ಪ್ರಪಾತ ಇದ್ದದ್ದು ಗೊತ್ತಿತ್ತು, ಯಾವ ಕಡೆ ಎಂಬುದು ಗೊತ್ತಿರಲಿಲ್ಲ. ನನ್ನ ಜೀವ ಬಾಯಿಗೆ ಬಂತು.

ಆಗ ಕೆಳಗಿನಿಂದ... ಢಣ್... ಢಣ್... ಢಣ್...

ಗಂಟೆ!

ಆ ಸದ್ದಿನ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟೆವು. ಸದ್ದು ನಿಲ್ಲಲಿಲ್ಲ, ನಾವೂ ನಿಲ್ಲಲಿಲ್ಲ. ಅರ್ಧ ಗಂಟೆಗೆ ಕೆಳಗೆ ಇಳಿದು ನೋಡಿದರೆ, ಕಂಬಕ್ಕೆ ಕಟ್ಟಿದ ದೊಡ್ಡ ಗಂಟೆಯ ಹಗ್ಗ ಹಿಡಿದು ದೌಲತ್‌ರಾಮ್ ನಿಂತಿದ್ದರು. ನಾವು ಮೇಲೆ ಹೋದದ್ದನ್ನು ಕಂಡು, ಮಂಜು ಕವಿದಾಗಿನಿಂದ ಬಾರಿಸುತ್ತಲೇ ಇದ್ದರು.

"ಈ ಗಂಟಿ ಯಾಕ ಅಂತ ಕೇಳ್ರೀ ಅವ್ರಿಗೆ" ಎಂದೆ.

ನಮ್ಮವರು ಕೇಳಿದರು. ಮುದುಕ ಹೇಳುತ್ತಾ ಹೋದರು, ಇವರು ಕನ್ನಡದಲ್ಲಿ ಹೇಳುತ್ತಾ ಬಂದರು.

"ಮೂವತ್ತು ವರ್ಷ ಸ್ಕೀ ಕಲಿಸ್ಯಾರಂತ... ಒಮ್ಮೆ ಬಿದ್ದು ಸೊಂಟ ಮುರೀತಂತ. ಎರಡು ಚಳಿಗಾಲ ಮನಿ ಬಿಟ್ಟು ಹೊರಗ ಬರಲಿಲ್ಲಂತ..."

ಇವರ ದನಿ ಸಣ್ಣಗಾಯಿತು.

"ಒಂದಿನ ಹಿಂಗ ಮಂಜು ಬಿತ್ತಂತ. ಇವರ ಶಿಷ್ಯಾರೆಲ್ಲಾ ಮ್ಯಾಲೆ ಸಿಕ್ಕೊಂಡ್ರಂತ. ಆಗ ಇವರು ಕುಂಟ್ಕೋತ ಬಂದು ಈ ಗಂಟಿ ಬಾರ್ಸಿದ್ರಂತ. ಸಪ್ಪಳಾ ಹಿಡದು ಒಬ್ಬೊಬ್ರ... ಎಲ್ಲಾರೂ ಇಳದ್ರಂತ..."

ಮುದುಕ ಇನ್ನೂ ಒಂದು ಮಾತು ಹೇಳಿದರು. ಇವರು ಅದನ್ನು ನನಗೆ ಹೇಳಲಿಲ್ಲ.

"ಏನಂದ್ರು? ಹೇಳ್ರೀ..."

"ಕಾಲು ಗಟ್ಟಿ ಇದ್ದಾಗ ಹತ್ತು ಮಂದೀನ ಇಳಸ್ತಿದ್ದೆ... ಕಾಲು ಹೋದ ಮ್ಯಾಲೆ ಇಡೀ ಊರನ್ನ ಮನಿ ಮುಟ್ಟಸಾಕತ್ತೇನಿ, ಅಂತಾರ..."

ಅಷ್ಟು ಹೇಳಿ ಹುಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಮೂರು ತಿಂಗಳು ಒಳಗೇ ಕಟ್ಟಿಟ್ಟದ್ದು ಹೊರಗೆ ಬಂತು.

ದೌಲತ್‌ರಾಮ್ ಇವರ ಬೆನ್ನ ಮೇಲೆ ಕೈಯಿಟ್ಟರು. ಅಳಲಿ ಎಂದು ನಾನೂ ಸುಮ್ಮನಿದ್ದೆ. ಸುಮ್ಮನಿರಲು ನನಗೂ ಬರುತ್ತದೆ, ಅಪರೂಪಕ್ಕೆ!

ಗದಗಿಗೆ ಮರಳಿದೆವು. ಅಕ್ಟೋಬರ್ ಒಂದು ಬಂತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಆ ರಾಜೀನಾಮೆ ಪತ್ರವನ್ನು ಮನೆಯಲ್ಲೇ ಬಿಟ್ಟು ಹೊರಟರು. ನನಗೆ ತಡೆಯಲಾಗಲಿಲ್ಲ. ಹಿಂದಿನಿಂದಲೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕಂಬದ ಮರೆಗೆ ನಿಂತೆ.

ಮೈಕು ಕೊರ್ ಎಂದಿತು.

"ರೋಣಕ್ಕ ಹೋಗೂ ಬಸ್ಸು ಮೂರನೇ ಪ್ಲಾಟ್‌ಫಾರ್ಮಿಗೆ ಬಂದೈತ್ರಿ..."

ಗಂಟು ಹೊತ್ತ ಒಬ್ಬ ಅಜ್ಜಿ, ಬಸ್ ಎಲ್ಲಿ ತಪ್ಪೀತೋ ಎಂದು ಎದ್ದುಬಿದ್ದು ಓಡತೊಡಗಿದಳು.

ಮತ್ತೆ ಅದೇ ದನಿ.

"ಯವ್ವಾ, ಓಡಬ್ಯಾಡ... ಬಸ್ಸು ನಿಂದರಿಸೇನಿ. ಸಾವಕಾಶ ಬಾ. ನಿನ್ನ ಬಿಟ್ಟು ಹೋಗಂಗಿಲ್ಲದು."

ಅಜ್ಜಿ ನಿಂತಳು. ಯಾರು ಹೇಳಿದರೆಂದು ಅತ್ತಿತ್ತ ನೋಡಿ, ಕಾಣದೆ, ಸ್ಪೀಕರಿಗೇ ಕೈ ಮುಗಿದಳು.

ಕಂಬದ ಮರೆಯಲ್ಲಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮನುಷ್ಯನ ಬೆಲೆ ಮುಗಿಯುವುದಿಲ್ಲ... ಅವನ ಋತು ಬದಲಾಗುತ್ತದೆ, ಅಷ್ಟೇ.

ನಿಮ್ಮ ಮನೆಯಲ್ಲೂ ಕೈಗೆ ಕೆಲಸವಿಲ್ಲವೆಂದು ಮೂಲೆ ಹಿಡಿದವರು ಯಾರಾದರೂ ಇದ್ದಾರಾ... ಇವತ್ತು ಅವರನ್ನು ಏನೆಂದು ಮಾತಾಡಿಸುತ್ತೀರಿ?