ಹುಣಸೆಹಣ್ಣಿನಲ್ಲಿ ತೊಳೆದ ರೂಪಾಯಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ, ಶೆಟ್ಟಿಹಳ್ಳಿಯ ನಮ್ಮ ಬೀದಿಗೆಲ್ಲ ಹೇಳಿ ಬಂದೆ. ಇವತ್ತು ಅವಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹಾಸಿಗೆಯಡಿ ಇಡಲು ನಮ್ಮ ಮನೆತನದ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರೆ, ಆ ಹುಳಿ ವಾಸನೆಗೆ ಕುಣಿಗಲ್ಲಿನ ತವರುಮನೆ ಕಣ್ಣ ಮುಂದೆ ಬಂತು.

ನನಗಾಗ ಏಳೋ ಎಂಟೋ ವರ್ಷ. ಸೈಕಲ್ ಕೊಳ್ಳುವ ಆಸೆಗೆ ಅಪ್ಪ ಈ ರೂಪಾಯಿಯನ್ನೇ ಮಾರಲು ಹೊರಟಿದ್ದರು. ಹಳೇ ನಾಣ್ಯ ಕೊಳ್ಳುವ ಗುಬ್ಬಿಯ ಸಾಹುಕಾರರು ಹಿಂದಿನ ವಾರವೇ ಬಂದು, "ಕಪ್ಪು ಹಂಗೇ ಇರ್ಲಿ, ತೊಳೀಬೇಡಿ. ತೊಳುದ್ರೆ ಬೆಲೆ ಹೋಯ್ತದೆ" ಎಂದು ಹೇಳಿ ಹೋಗಿದ್ದರು. ಆಗ ಅಜ್ಜಿ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದಳು.

ಅವರು ಮತ್ತೆ ಬಂದ ಮಧ್ಯಾಹ್ನ ರೂಪಾಯಿ ಫಳಫಳ ಹೊಳೆಯುತ್ತಿತ್ತು. ಸಾಹುಕಾರರು ಅದನ್ನು ಅಂಚಿನಲ್ಲಿ ಹಿಡಿದು, ಬಿಸಿಲಿಗೆ ತಿರುಗಿಸಿ, ಭೂತಗಾಜಿನಲ್ಲಿ ಬಹಳ ಹೊತ್ತು ನೋಡಿದರು.

"ಅಕ್ಷರ ಚೆನ್ನಾಗವೆ, ಅಂಚೂ ಸವೆದಿಲ್ಲ. ಆದ್ರೆ ಮೈಯೆಲ್ಲಾ ಉಜ್ಜಿದ ಗೀರು. ಬೇಕಾದ್ರೆ ಬೆಳ್ಳಿ ತೂಕಕ್ಕೆ ತಗೋತೀನಿ."

ಅಪ್ಪನ ಮುಖ ಇಳಿದುಹೋಯಿತು. "ಯಾಕವ್ವ ತೊಳ್ದೆ? ಅವ್ರು ಹೇಳಿದ್ದು ಕೇಳುಸ್ಲಿಲ್ವಾ?"

"ದೇವ್ರ ಗೂಡಲ್ಲಿರೋದ್ನ ತೊಳೀದೆ ಇಕ್ತಾರೇನ್ಲಾ?" ಎಂದಳು ಅಜ್ಜಿ. ಅವಳ ಉಗುರ ಸಂದಿಯಲ್ಲಿ ಹುಣಸೆಯ ನಾರು ಇನ್ನೂ ಅಂಟಿತ್ತು. ನನ್ನ ಕಡೆ ಕೈ ತೋರಿಸಿ, "ನೀನೂ ಅದ್ರ ಮ್ಯಾಲೇ ಮಲಗಿದ್ದೋನು, ಇವ್ಳೂ ಅದ್ರ ಮ್ಯಾಲೇ ಮಲಗಿದ್ದೋಳು" ಎಂದಳು.

ತೂಕಕ್ಕೆ ಕೊಡಲು ಅಪ್ಪನಿಗೆ ಮನಸ್ಸಾಗಲಿಲ್ಲ. ರೂಪಾಯಿ ಗೂಡಿಗೆ ಹೋಯಿತು.

ಸಂಜೆ ಮುದ್ದೆ, ಅವರೆಕಾಳಿನ ಸಾರು. ಜಗಲಿಯಲ್ಲಿ ಒಬ್ಬರೇ ಕೂತಿದ್ದ ಅಪ್ಪನನ್ನು ಅಜ್ಜಿಯೇ ಕರೆದುತಂದು ನಮ್ಮೆಲ್ಲರ ಸಾಲಿನಲ್ಲಿ ಕೂರಿಸಿದಳು. ಮೊದಲ ಮುದ್ದೆಯನ್ನು ಅವರ ತಟ್ಟೆಗೇ ಇಟ್ಟು, ತುಪ್ಪವನ್ನು ಎಂದಿಗಿಂತ ಹೆಚ್ಚು ಹಾಕಿದಳು. ಅಪ್ಪ ತಲೆಯೆತ್ತದೆ ಒಂದು ತುತ್ತು ಮುರಿದರು. ಆಮೇಲೆ ನಾವೆಲ್ಲರೂ ಉಣ್ಣತೊಡಗಿದೆವು.