ರೇಡಿಯೊದೊಳಗಿನ ಸವತಿ

“ಇವತ್ತೂ ಹಾಡಿದಳು ಅಕ್ಕ, ನಿಮ್ಮ ಸವತಿ,” ಪಕ್ಕದ ಅಂಗಡಿಯ ದರ್ಜಿ ಹುಡುಗಿ ಹಲ್ಲು ಕಿರಿದಳು. “ನಿಮ್ಮ ಯಜಮಾನ್ರು ಕೆಲಸ ಬಿಟ್ಟು, ಕಣ್ಮುಚ್ಕೊಂಡು ಕೂತಿದ್ರು. ಮಾತಾಡ್ಸೋಕೆ ಹೋದ್ರೆ ‘ಶ್’ ಅಂತ ಬೆರಳು ತೋರಿಸಿದ್ರು. ಏನು ಧ್ವನಿ ಅಂತೀರಿ, ಬೆಲ್ಲ!”

“ಈಗಲೂ ಹಾಡ್ತಿದಾಳಾ?”

“ಅಯ್ಯೋ, ನೀವು ಮೆಟ್ಟಿಲಿಳಿಯೋ ಹೊತ್ತಿಗೆ ಮುಗಿದೇ ಹೋಯ್ತು.”

ತಮಾಷೆಯ ಮಾತೇ. ಆದರೂ ರೇಡಿಯೊ ರಿಪೇರಿಯವನ ಹೆಂಡತಿ ನಗದೆ ಅಂಗಡಿಯತ್ತ ಸರಸರ ನಡೆದಳು. ಎಂದು ಬಂದರೂ ಇದೇ ಕಥೆ. ಮಧ್ಯಾಹ್ನ ಮಹಡಿಯ ಮೇಲೆ ಮಗಳನ್ನು ಮಲಗಿಸಿ ಕೆಳಗೆ ಓಡಿ ಬರುವಷ್ಟರಲ್ಲಿ ಆ ಮಾಯಗಾತಿ ಹಾಡು ಮುಗಿಸಿರುತ್ತಾಳೆ.

ಹಾಡು ಅವಳಿಗೂ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳ ಹಾಡು ಕೇಳಿ ನಾದಿನಿ, “ಅತ್ತಿಗೆ, ಯಾವ್ದೋ ಬಾಗಿಲಿಗೆ ಎಣ್ಣೆ ಹಾಕ್ಬೇಕು ನೋಡಿ,” ಎಂದು ನಕ್ಕಿದ್ದೇ ನಕ್ಕಿದ್ದು. ಅಂದಿನಿಂದ ಗಂಡನೆದುರು ಬಾಯಿ ತೆರೆದಿರಲಿಲ್ಲ. ಅವನು ಎಷ್ಟು ಗೋಗರೆದರೂ ಇಲ್ಲ. ಈಗ ಬೇಡುವುದನ್ನೂ ಬಿಟ್ಟಿದ್ದ. ಬೇಕಾದದ್ದು ಬೇರೆ ಕಡೆ ಸಿಕ್ಕಿತಲ್ಲ!

ಅಂಗಡಿಗೆ ಕಾಲಿಟ್ಟಾಗ ಅವನು ರೇಡಿಯೊಗೆ ಕಿವಿ ಹಚ್ಚಿ ಮುಗುಳ್ನಗುತ್ತಿದ್ದ. ಅವಳನ್ನು ಕಂಡದ್ದೇ ಪಟ್ಟನೆ ಬದಿಯ ಗುಂಡಿ ಒತ್ತಿದ. ವಾರ್ತೆ ಶುರುವಾಯಿತು.

“ಐದು ನಿಮಿಷ ಅಂಗಡಿ ನೋಡ್ಕೋ, ಬಂದೆ,” ಎಂದವನೇ ಹಿಂಬಾಗಿಲಿನಿಂದ ಹೊರಟುಹೋದ.

ಹಳೆಯ ರೇಡಿಯೊ ಆಗಿದ್ದರೆ ಮುಳ್ಳು ಎಲ್ಲಿ ನಿಂತಿದೆಯೆಂದು ನೋಡಬಹುದಿತ್ತು. ಇದಕ್ಕೆ ಮುಳ್ಳಿಲ್ಲ, ತಿರುಗಿಸುವ ತಿರುಪಿಲ್ಲ. ಫೋನಿನಂತೆ ಅಂಕಿ ಒತ್ತಿದರೆ ನೇರ ಆ ನಿಲಯಕ್ಕೇ ಹಾರುತ್ತದೆ. ಕಳ್ಳತನಕ್ಕೆಂದೇ ಮಾಡಿದ ಯಂತ್ರ.

ಆದರೆ ಧೂಳು ಸುಳ್ಳು ಹೇಳುವುದಿಲ್ಲ. ಅಂಕಿಗಳಲ್ಲಿ ಏಳು, ಎಂಟು, ಒಂಬತ್ತು ಮಾತ್ರ ಬೆರಳಿನ ಎಣ್ಣೆಗೆ ಮಿನುಗುತ್ತಿದ್ದವು.

ಏಳರಿಂದ ಶುರು ಮಾಡಿದಳು. ಯಂತ್ರ ಕೀಂ ಎಂದು ತಿರಸ್ಕರಿಸಿತು. ಎಂಟು, ಏಳು, ಒಂಬತ್ತು: ಬರೀ ಗೊರಗೊರ. ಎಂಟು, ಒಂಬತ್ತು, ಏಳು.

ಗೊರಗೊರ ನಿಂತಿತು. ಒಂದು ಕೋಣೆಯ ಮೌನ. ಯಾರದೋ ಉಸಿರು. ಬಾಗಿಲು ಕಿರುಗುಟ್ಟಿತು. ಆಮೇಲೆ ಅವನ ಧ್ವನಿ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಪಿಸುಮಾತು:

“ಎದ್ದುಬಿಟ್ಯಾ ಬಂಗಾರ? ಗಲಾಟೆ ಮಾಡ್ಬೇಡ. ಅವಳು ಕೆಳಗಿದಾಳೆ, ಅವಳಿಗೆ ಗೊತ್ತಾಗಬಾರದು.”

ಅವಳು ರೇಡಿಯೊಗೆ ಕಿವಿ ಒತ್ತಿದಳು. ಇಷ್ಟು ಹತ್ತಿರದಲ್ಲೇ! ಇಷ್ಟು ಧೈರ್ಯವೇ!

“ಹಾಸಿಗೆ ಪಕ್ಕ ಮೈಕ್ ಇಟ್ಟಿದೀನಿ ಅಂತ ಗೊತ್ತಾದ್ರೆ ಮುಗೀತು,” ಅವನು ಮೆಲ್ಲನೆ ನಕ್ಕ. “ಹಾಡೋದನ್ನೇ ನಿಲ್ಲಿಸ್ತಾಳೆ. ಆಮೇಲೆ ನಿನಗೂ ನಿದ್ದೆ ಇಲ್ಲ, ನನಗೂ ಹಾಡಿಲ್ಲ.”

ಮಗು ‘ಅಮ್ಮಾ’ ಎಂದು ರಾಗ ತೆಗೆಯಿತು: ರೇಡಿಯೊದೊಳಗಿಂದಲೂ, ತಲೆಯ ಮೇಲಿನ ಮಹಡಿಯಿಂದಲೂ, ಒಟ್ಟಿಗೇ.