ಒಂದೇ ಕುರ್ಚಿಯ ಮನೆ

ಮನೆಗೆ ಇರುವುದು ಒಂದೇ ಕುರ್ಚಿ ಎಂದು ಹುಡುಗಿ ಬರೆದಿದ್ದಳು. ತನಿಖೆಗೆ ಬಂದ ಮೇಡಂ ಬಾಗಿಲಲ್ಲೇ ನಿಂತು ಎಣಿಸಿದರು: ಮೂರು. ಒಂದಕ್ಕೆ ಮೆತ್ತೆ ಬೇರೆ. ಮೂಲೆಯಲ್ಲಿ ಟೇಬಲ್ ಫ್ಯಾನು ಗಿರ್ರನೆ ತಿರುಗುತ್ತಿತ್ತು.

ಹಾಸ್ಟೆಲಿನ ಉಚಿತ ಸೀಟು ಬೇಕೆಂದರೆ ‘ನಮ್ಮ ಮನೆ’ ಎಂದು ಎರಡು ಪುಟ ಬರೆದುಕೊಡಬೇಕಿತ್ತು. ಬರೆದದ್ದು ನಿಜವೇ ಎಂದು ಬಂದು ನೋಡುತ್ತಾರೆ. ಸೀಟು ತಪ್ಪಿದರೆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಇದೆಲ್ಲ ಗೊತ್ತಿದ್ದೂ ಅಮ್ಮ ಬೆಳಿಗ್ಗೆಯಿಂದ ಹೊಲಿಗೆ ಮಷಿನ್ ಬಿಟ್ಟು, ಬೀದಿಯೆಲ್ಲ ಸುತ್ತಿ ಸಾಮಾನು ಎರವಲು ತಂದಿದ್ದಳು. ಮಗಳು ತಲೆ ಚಚ್ಚಿಕೊಂಡರೆ, ಬಂದವರನ್ನು ನೆಲದ ಮೇಲೆ ಕೂರಿಸಲಾ ಎಂದು ಅವಳನ್ನೇ ಗದರಿದ್ದಳು.

ಮೇಡಂ ಮೆತ್ತೆಯ ಕುರ್ಚಿಯಲ್ಲಿ ಕೂತು ಹುಡುಗಿಯ ಅರ್ಜಿಯನ್ನು ಗಟ್ಟಿಯಾಗಿ ಓದಿದರು. “‘ನಮ್ಮ ಕುರ್ಚಿಗೆ ಮೂರು ಕಾಲು, ನಾಲ್ಕನೆಯದು ಇಟ್ಟಿಗೆ. ಇಟ್ಟಿಗೆ ಬಲಗಡೆ ಇರುವುದರಿಂದ ಕೂತವರು ಎಡಕ್ಕೆ ವಾಲಬೇಕು. ಕಿಟಕಿ ಇಲ್ಲ, ಬಲ್ಬು ಒಂದೇ. ಅಮ್ಮ ಅದನ್ನು ಅಡುಗೆ ಮಾಡುವಾಗ ಒಲೆಯ ಕಡೆ, ಹೊಲಿಯುವಾಗ ಮಷಿನ್ ಕಡೆ ದಾರದಲ್ಲಿ ಎಳೆದು ಕಟ್ಟುತ್ತಾಳೆ. ನಾನು ಪುಸ್ತಕ ಹಿಡಿದು ಬಲ್ಬಿನ ಹಿಂದೆ ಹೋಗುತ್ತೇನೆ.’ ಕಥೆ ಚೆನ್ನಾಗಿ ಕಟ್ತೀಯಮ್ಮ.”

“ಎಲ್ಲ ನಿಜ ಮೇಡಂ,” ಎಂದಳು ಹುಡುಗಿ.

ಅಮ್ಮನಿಗೆ ರೇಗಿತು. “ಮನೆ ಮಾನ ಎರಡು ಪುಟ ತುಂಬ ಹರಾಜು ಹಾಕಿದ್ಯೇನೇ? ಇವಳ ಮಾತು ನಂಬಬೇಡಿ ಮೇಡಂ. ಚಿಕ್ಕಂದಿನಿಂದ್ಲೂ ಒಂದಕ್ಕೆರಡು ಸೇರಿಸಿ ಹೇಳೋ ಚಾಳಿ.”

ಮೇಡಂ ಅರ್ಜಿ ಮಡಿಚಿ, ಪೆನ್ನಿನ ಮುಚ್ಚಳ ತೆಗೆದರು. ಹುಡುಗಿಯ ಕಣ್ಣು ತುಂಬಿತು.

ಅಷ್ಟರಲ್ಲಿ ಎದುರುಮನೆಯಾಕೆ ಅಳುವ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಸೆಕೆಗೆ ಮಗು ನಿದ್ದೆ ಮಾಡುತ್ತಿಲ್ಲ ಎಂದು ಫ್ಯಾನು ಕಿತ್ತುಕೊಂಡಳು. ಹೇಗೂ ಬಂದಿದ್ದೇನಲ್ಲ ಎಂದು ತನ್ನ ಕುರ್ಚಿಯನ್ನೂ ಎಳೆದುಕೊಂಡು ಹೋದಳು. ಅವಳ ಹಿಂದೆಯೇ ಮೇಲಿನ ಮನೆಯ ತಾತ ಬಂದು, ಯಾರ ಮುಖವನ್ನೂ ನೋಡದೆ, ಎರಡನೆಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ನಡೆದ. ಕೊನೆಗೆ ಪಕ್ಕದ ಅಂಗಡಿಯ ಕ್ಷೌರಿಕ, ಕೈಯಲ್ಲಿ ಸೋಪಿನ ಬ್ರಷ್ ಹಿಡಿದೇ ಇಣುಕಿದ.

“ಅಕ್ಕಾ, ಅರ್ಧ ಗಂಟೆ ಅಂದಿದ್ರಿ. ಗಿರಾಕಿಗೆ ಸ್ಟೂಲ್ ಮೇಲೆ ಕೂತು ಕತ್ತು ಹಿಡ್ಕೊಂಡಿದೆ. ಅರ್ಧ ಗಡ್ಡಕ್ಕೇ ಎದ್ದು ಹೋಗ್ತೀನಿ ಅಂತಿದ್ದಾರೆ.” ಆಮೇಲೆ ಮೇಡಂ ಕಡೆ ತಿರುಗಿ ಮೆಲ್ಲಗೆ ಹೇಳಿದ: “ಸ್ವಲ್ಪ ಏಳ್ತೀರಾ?”

ಮೇಡಂ ಎದ್ದರು. ಖಾಲಿ ಕೋಣೆಯಲ್ಲಿ ಅಮ್ಮ ತಲೆ ತಗ್ಗಿಸಿ ನಿಂತಳು. ಆಮೇಲೆ ಪರದೆಯ ಹಿಂದೆ ಬಚ್ಚಿಟ್ಟಿದ್ದ ತನ್ನ ಕುರ್ಚಿ ತಂದಳು, ಇಟ್ಟಿಗೆ ಹೊಂದಿಸಿದಳು, ತೋಳಿನಿಂದಲೇ ಧೂಳು ಒರೆಸಿದಳು. ಹುಡುಗಿ ದಾರ ಎಳೆದು ಬಲ್ಬನ್ನು ಆ ಕಡೆ ಕಟ್ಟಿದಳು.

“ಕೂತ್ಕೊಳ್ಳಿ ಮೇಡಂ. ಆದ್ರೆ ಸ್ವಲ್ಪ...” ಎಂದು ಅಮ್ಮ ಇಟ್ಟಿಗೆಯ ಕಡೆ ನೋಡಿದಳು.

ಮೇಡಂ ಮಡಿಚಿದ ಅರ್ಜಿಯನ್ನು ಬಿಡಿಸಿ ತೊಡೆಯ ಮೇಲೆ ಹರಡಿಕೊಂಡರು. ಯಾರೂ ಹೇಳುವ ಮೊದಲೇ ಎಡಕ್ಕೆ ವಾಲಿ ಕೂತು, ಬರೆಯತೊಡಗಿದರು.